ಡ್ರೈವ್ ಹೆಚ್ಚಿಸದೆ 30 ಗಂಟೆಯ ಟೇಪ್ ಬ್ಯಾಕಪ್ 3 ಗಂಟೆಗೆ: ನವಿ ಮುಂಬೈಯ ಒಂದು ಪ್ರಕರಣ

ಕಂಪನಿಯೊಂದರಲ್ಲಿ ಶನಿವಾರ ರಾತ್ರಿ 10ಕ್ಕೆ ಶುರುವಾಗುವ ಡೇಟಾಬೇಸ್‌ನ ಪೂರ್ಣ ಬ್ಯಾಕಪ್ ಭಾನುವಾರ ಮಧ್ಯಾಹ್ನ 2ರೊಳಗೆ ಮುಗಿಯಬೇಕು, ಅಂದರೆ ಕೈಗೆ ಸಿಗುವುದು 16 ಗಂಟೆ. ನಡೆಯುತ್ತಿದ್ದದ್ದೇ ಬೇರೆ. ಸೋಮವಾರ ನಸುಕಿನ 4 ದಾಟಿದ ಮೇಲೂ ಟೇಪ್ ಸುತ್ತುತ್ತಲೇ ಇರುತ್ತಿತ್ತು. ಭಾನುವಾರ ಮಧ್ಯಾಹ್ನ ಶುರುವಾಗುವ ದಾಸ್ತಾನು ತಾಳೆಗೂ ಸೋಮವಾರದ ರವಾನೆ ಪಟ್ಟಿಗೂ ಅದೇ ಡಿಸ್ಕ್‌ಗಳು ಬೇಕು. ಎರಡು ಕೆಲಸ ಒಂದೇ ಡಿಸ್ಕನ್ನು ಎಳೆದಾಡಿದ ಪರಿಣಾಮ, ಭಿವಂಡಿಯ ಗೋದಾಮಿನಲ್ಲಿ ಬೆಳಿಗ್ಗೆ 7ಕ್ಕೆ ತುಂಬಬೇಕಾದ ಲಾರಿಗಳು 10ರ ತನಕ ಪಟ್ಟಿಗಾಗಿ ಕಾದು ನಿಲ್ಲುತ್ತಿದ್ದವು. ಬ್ಯಾಕಪ್ ತಡವಾಗುತ್ತಿದೆ ಎಂಬ ದೂರಿಗೆ ವರ್ಷದಿಂದ ಕಿವಿಗೊಡದಿದ್ದ ಆಡಳಿತದವರು ಎಚ್ಚೆತ್ತದ್ದು ಲಾರಿ ಕಾಯಿಸಿದ್ದಕ್ಕೆ ಬಿಲ್ ಬಂದಾಗ.

ಇದು ಔಷಧ ವಿತರಣೆಯ ಕಂಪನಿ. ಕಚೇರಿ ಅಂಧೇರಿಯಲ್ಲಿ, ಸರ್ವರ್‌ಗಳು ನವಿ ಮುಂಬೈಯ ಮಹಾಪೆಯ ಡೇಟಾ ಸೆಂಟರ್ ಒಂದರಲ್ಲಿ, ವಿಪತ್ತು ಬಂದರೆ ಬಳಸಲು ಪುಣೆಯಲ್ಲಿ ಇನ್ನೊಂದು ತಾಣ. ಡೇಟಾಬೇಸ್ ಒರಾಕಲ್ 19ಸಿ, ಲಿನಕ್ಸ್ ಮೇಲೆ, ಎಕ್ಸ್ಎಫ್ಎಸ್ ಫೈಲ್ ಸಿಸ್ಟಂನಲ್ಲಿ. ಗಾತ್ರ 12 ಟಿಬಿ. ಇದರಲ್ಲಿ 7 ಟಿಬಿ ಒಂದೇ ಒಂದು ಟೇಬಲ್‌ಸ್ಪೇಸ್ (ಡೇಟಾಬೇಸ್‌ನೊಳಗಿನ ಸಂಗ್ರಹ ವಿಭಾಗ): ಸ್ಕ್ಯಾನ್ ಮಾಡಿದ ಡೆಲಿವರಿ ಚಲನ್‌ಗಳ ಚಿತ್ರಗಳು ಮತ್ತು ಸಹಿಯಾದ ಇ-ಇನ್‌ವಾಯ್ಸ್ ಕಡತಗಳು. 100 ಕೋಟಿ ಮೀರಿದ ವಹಿವಾಟಿನ ಕಂಪನಿಗಳಿಗೆ 2021ರ ಜನವರಿಯಿಂದ ಇ-ಇನ್‌ವಾಯ್ಸ್ ಕಡ್ಡಾಯವಾಯಿತು. ಅಂದಿನಿಂದ ಪ್ರತಿ ಬಿಲ್ಲಿಗೂ ಒಂದು ಸಹಿ ಕಡತ ಡೇಟಾಬೇಸ್‌ನೊಳಗೆ ಬಂದು ಕೂರುತ್ತಿದೆ. ಬೆಳೆದದ್ದೆಲ್ಲ ಬಹುಮಟ್ಟಿಗೆ ಆ ಕಡೆಯೇ. ಉಳಿದ ಟೇಬಲ್‌ಗಳೆಲ್ಲ ಸೇರಿ 5 ಟಿಬಿ.

ಬ್ಯಾಕಪ್ ನಡೆಯುವುದು ಒರಾಕಲ್‌ನದೇ ಬ್ಯಾಕಪ್ ಸಾಧನವಾದ ಆರ್‌ಮ್ಯಾನ್ ಮೂಲಕ, ನೆಟ್‌ಬ್ಯಾಕಪ್ ತಂತ್ರಾಂಶದ ಮೀಡಿಯಾ ಸರ್ವರ್‌ಗೆ (ಟೇಪಿಗೆ ಬರೆಯುವ ಸರ್ವರ್). ಆ ಸರ್ವರ್‌ಗೆ ಫೈಬರ್ ಚಾನೆಲ್‌ನಲ್ಲಿ ಜೋಡಿಸಿದ ಟೇಪ್ ಲೈಬ್ರರಿ, ಅದರಲ್ಲಿ ಎರಡು ಎಲ್‌ಟಿಒ-7 ಡ್ರೈವ್ (ಎಲ್‌ಟಿಒ ಟೇಪ್ ಮಾನದಂಡದ ಏಳನೇ ಪೀಳಿಗೆ). ಆರ್‌ಮ್ಯಾನ್‌ನಲ್ಲಿ ಎರಡು ಚಾನೆಲ್ (ಡೇಟಾ ಓದಿ ಕಳಿಸುವ ಹರಿವು), ಡ್ರೈವ್‌ಗೆ ಒಂದರಂತೆ. ಪೂರೈಕೆದಾರರು ಕೊಟ್ಟ ಪರಿಹಾರ ಸರಳವಾಗಿತ್ತು: ಇನ್ನೆರಡು ಡ್ರೈವ್ ಹಾಕಿ, ನಾಲ್ಕು ಚಾನೆಲ್ ಮಾಡಿ. ಕೊಟೇಶನ್ ಕೂಡ ಬಂದಾಗಿತ್ತು.

ಆ ಕೊಟೇಶನ್ ತಡೆದದ್ದು ರಾತ್ರಿ ಪಾಳಿಯ ಆಪರೇಟರ್, ಕುಂದಾಪುರ ಕಡೆಯ ಹುಡುಗ. ಲೈಬ್ರರಿಯ ಹತ್ತಿರ ನಿಂತು ಹುಬ್ಬಳ್ಳಿಯ ಡಿಬಿಎಗೆ (ಡೇಟಾಬೇಸ್ ನಿರ್ವಾಹಕಿ) ಫೋನಿನಲ್ಲಿ ಅವನು ಹೇಳಿದ್ದು: “ಒಂದೇ ಸಮ ಓಡುದಿಲ್ಲ ಮೇಡಂ. ಸ್ವಲ್ಪ ಓಡ್ತದೆ, ನಿಲ್ತದೆ, ಹಿಂದೆ ಹೋಗಿ ಮತ್ತೆ ಶುರು. ಡ್ರೈವ್ ಹಾಳಾಗಿದೆ ಅಂತ ಕಾಣ್ತದೆ.” ಆಕೆಯ ಉತ್ತರ: “ಡ್ರೈವ್ ಕೆಟ್ಟಿಲ್ಲೋ ತಮ್ಮಾ, ಅದಕ್ಕ ಬರೀಲಿಕ್ಕೆ ಡೇಟಾನ ಸಿಗವಲ್ದು.”

ಪ್ರಕರಣದ ತಿರುಳೆಲ್ಲ ಆ ಮಾತಿನಲ್ಲಿದೆ. ಎಲ್‌ಟಿಒ-7 ಡ್ರೈವ್ ಸಂಕೋಚನವಿಲ್ಲದೆ ಸೆಕೆಂಡಿಗೆ 300 ಎಂಬಿ ಬರೆಯಬಲ್ಲದು. ಡೇಟಾ ನಿಧಾನವಾಗಿ ಬಂದರೆ ಟೇಪಿನ ವೇಗವನ್ನು ಹಲವು ಹಂತಗಳಲ್ಲಿ ತಗ್ಗಿಸಿಕೊಳ್ಳುತ್ತದೆ. ಆದರೆ ಅದಕ್ಕೊಂದು ತಳವಿದೆ, ಸುಮಾರು 100 ಎಂಬಿ. ಅದಕ್ಕಿಂತ ಕಡಿಮೆ ಬಂದರೆ ಬಫರ್ (ಬರೆಯುವ ಮೊದಲು ಡೇಟಾ ತಂಗುವ ಮೆಮೊರಿ) ಬರಿದಾಗುತ್ತದೆ. ಓಡುತ್ತಿರುವ ಟೇಪನ್ನು ಇದ್ದಲ್ಲೇ ನಿಲ್ಲಿಸಲಾಗದು. ಅದು ಮುಂದೆ ಜಾರಿ ನಿಂತು, ಹಿಂದಕ್ಕೆ ಸುತ್ತಿ, ಬರೆದು ನಿಲ್ಲಿಸಿದ ಜಾಗ ಹುಡುಕಿ, ಮತ್ತೆ ವೇಗ ಹಿಡಿಯಬೇಕು. ಪ್ರತಿ ಸಲ ಕೆಲವು ಸೆಕೆಂಡ್ ಹೋಗುತ್ತವೆ. ಟೇಪಿನ ಅದೇ ಜಾಗ ಹೆಡ್ ಮೇಲೆ ಹಿಂದೆ ಮುಂದೆ ಉಜ್ಜುತ್ತದೆ, ಹಾಗಾಗಿ ಟೇಪ್‌ನವರು ಇದನ್ನು ಶೂ ಶೈನಿಂಗ್ ಎನ್ನುತ್ತಾರೆ. ಹೆಡ್ ಸವೆಯುತ್ತದೆ, ಟೇಪ್ ಸವೆಯುತ್ತದೆ, ಕ್ಲೀನಿಂಗ್ ಕಾರ್ಟ್ರಿಜ್ ಕೇಳುವ ಎಚ್ಚರಿಕೆ ಪದೇ ಪದೇ ಬರುತ್ತದೆ. ಒಂದು ಕ್ಲೀನಿಂಗ್ ಕಾರ್ಟ್ರಿಜ್ ಸಾಮಾನ್ಯವಾಗಿ 50 ಸಲಕ್ಕೆ ಬರುವಂಥದ್ದು. ಇಲ್ಲಿ ಅದು ಲೆಕ್ಕಕ್ಕಿಂತ ಬಹಳ ಮೊದಲೇ ಮುಗಿಯುತ್ತಿತ್ತು. ಡ್ರೈವ್ ಕೆಟ್ಟಿದೆ ಎಂಬ ಅನುಮಾನ ಹುಟ್ಟಿದ್ದೇ ಅಲ್ಲಿಂದ.

ಇನ್ನೊಂದು ಅಂಶ ಬಹಳ ಮಂದಿಗೆ ತಪ್ಪಿಹೋಗುತ್ತದೆ. ಆ 100 ಎಂಬಿಯ ತಳ, ಸಂಕೋಚನವಾದ ಮೇಲೆ ಟೇಪಿಗೆ ಬೀಳುವ ಡೇಟಾದ ಲೆಕ್ಕ. ಸಾಧಾರಣ ಟೇಬಲ್ ಡೇಟಾ ಡ್ರೈವ್‌ನೊಳಗೆ ಅರ್ಧಕ್ಕೆ ಕುಗ್ಗುವುದಾದರೆ, ಟೇಪ್ ನಿಲ್ಲದೆ ಓಡಲು ಸರ್ವರ್ ಕಡೆಯಿಂದ ಡ್ರೈವ್‌ಗೆ 200 ಎಂಬಿ ಬರಬೇಕು. ಚೆನ್ನಾಗಿ ಕುಗ್ಗುವ ಡೇಟಾಗೆ ಇನ್ನೂ ವೇಗವಾದ ಪೂರೈಕೆ ಬೇಕು.

ಮೂರು ಅಳತೆ

ಏನನ್ನೂ ಮುಟ್ಟುವ ಮೊದಲು ಡಿಸ್ಕ್, ಜಾಲ, ಡ್ರೈವ್ ಮೂರನ್ನೂ ಒಂದೊಂದಾಗಿ ಅಳೆದರು.

ಡ್ರೈವ್‌ಗೆ: ಮೀಡಿಯಾ ಸರ್ವರ್‌ನ ಮೆಮೊರಿಯಲ್ಲಿ 20 ಜಿಬಿಯ ಯಾದೃಚ್ಛಿಕ ಬೈಟ್‌ಗಳ ಫೈಲ್ ಮಾಡಿ, ಡಿಡಿ ಆಜ್ಞೆಯಿಂದ 256 ಕೆಬಿ ಬ್ಲಾಕ್‌ಗಳಲ್ಲಿ ಖಾಲಿ ಟೇಪಿಗೆ ಬರೆದರು. 295 ಎಂಬಿ ಬಂತು. ಎರಡನೇ ಡ್ರೈವೂ ಅಷ್ಟೇ. ಈ ಪರೀಕ್ಷೆಯನ್ನು ಬರೀ ಸೊನ್ನೆಗಳಿಂದ ಮಾಡಬಾರದು. ಡ್ರೈವ್ ಸೊನ್ನೆಗಳನ್ನು ಕುಗ್ಗಿಸಿ ಹಾಕಿ, ನಂಬಲಾರದ ವೇಗ ತೋರಿಸಿ ದಾರಿ ತಪ್ಪಿಸುತ್ತದೆ.

ಡಿಸ್ಕ್‌ಗೆ: ಆರ್‌ಮ್ಯಾನ್‌ನ ಬ್ಯಾಕಪ್ ವ್ಯಾಲಿಡೇಟ್ ಡೇಟಾಬೇಸ್. ಇದು ಬ್ಯಾಕಪ್‌ನ ಹಾಗೆಯೇ ಎಲ್ಲ ಬ್ಲಾಕ್ ಓದುತ್ತದೆ, ಎಲ್ಲಿಯೂ ಬರೆಯುವುದಿಲ್ಲ. ಎರಡು ಚಾನೆಲ್‌ಗಳಲ್ಲಿ 420 ಎಂಬಿ. ವ್ಯಾಲಿಡೇಟ್‌ಗೂ ನಿಜವಾದ ಬ್ಯಾಕಪ್‌ಗೂ ಸಮಯ ಹತ್ತಿರ ಹತ್ತಿರ ಬಂದರೆ ತಡ ಆಗುತ್ತಿರುವುದು ಓದಿನಲ್ಲಿ. ಇಲ್ಲಿ ವ್ಯಾಲಿಡೇಟ್ 8 ಗಂಟೆ, ಬ್ಯಾಕಪ್ 30. ಡಿಸ್ಕ್ ಸದ್ಯಕ್ಕೆ ನಿರಪರಾಧಿ.

ಜಾಲಕ್ಕೆ: ಜಾಲದ ವೇಗ ಅಳೆಯುವ ಐಪರ್ಫ್. 112 ಎಂಬಿ.

12 ಟಿಬಿಯನ್ನು ಸೆಕೆಂಡಿಗೆ 110 ಎಂಬಿಯಂತೆ ಕಳಿಸಿದರೆ 30 ಗಂಟೆ 18 ನಿಮಿಷ. ಲೆಕ್ಕ ಗಡಿಯಾರಕ್ಕೆ ತಾಳೆಯಾಯಿತು. ಎರಡು ಡ್ರೈವ್ ಹಂಚಿಕೊಂಡಾಗ ತಲಾ 55 ಎಂಬಿ, ತಳಕ್ಕಿಂತ ಎಷ್ಟೋ ಕೆಳಗೆ. ನಾಲ್ಕು ಡ್ರೈವ್ ಆಗಿದ್ದರೆ ತಲಾ 27. ದುಡ್ಡು ಕೊಟ್ಟು ಶೂ ಶೈನಿಂಗ್ ಇಮ್ಮಡಿ ಮಾಡಿಕೊಂಡಂತೆ.

ನೆಟ್‌ಬ್ಯಾಕಪ್‌ನ ಬಿಪಿಟಿಎಂ (ಟೇಪಿಗೆ ಬರೆಯುವ ಪ್ರಕ್ರಿಯೆ) ಲಾಗ್ ಕೂಡ ಇದನ್ನೇ ಹೇಳುತ್ತಿತ್ತು, ಯಾರೂ ತೆರೆದು ನೋಡಿರಲಿಲ್ಲ ಅಷ್ಟೆ. ಪ್ರತಿ ಕೆಲಸದ ಕೊನೆಗೆ ಅದರಲ್ಲಿ ‘ವೇಟೆಡ್ ಫಾರ್ ಫುಲ್ ಬಫರ್’ ಅಥವಾ ‘ವೇಟೆಡ್ ಫಾರ್ ಎಂಪ್ಟಿ ಬಫರ್’ ಎಂಬ ಸಾಲು ಇರುತ್ತದೆ, ಮುಂದೆ ಎಷ್ಟು ಸಲ ಎಂಬ ಎಣಿಕೆ. ತುಂಬಿದ ಬಫರ್‌ಗಾಗಿ ಕಾದಿದ್ದರೆ ಡ್ರೈವ್ ಸಿದ್ಧವಿದೆ, ಡೇಟಾ ಬರುತ್ತಿಲ್ಲ. ಖಾಲಿ ಬಫರ್‌ಗಾಗಿ ಕಾದಿದ್ದರೆ ಡೇಟಾ ಬಂದು ನಿಂತಿದೆ, ಡ್ರೈವ್ ಮುಗಿಸುತ್ತಿಲ್ಲ. ಇಲ್ಲಿ ಮೊದಲನೆಯದರ ಎಣಿಕೆ ಲಕ್ಷಗಳಲ್ಲಿತ್ತು, ಎರಡನೆಯದು ಇಲ್ಲವೆನ್ನುವಷ್ಟು ಕಡಿಮೆ. ಟೇಪ್ ನಿಧಾನ ಎಂದು ಯಾರಾದರೂ ದೂರು ತಂದರೆ ಮೊದಲು ತೆರೆಯಬೇಕಾದ ಲಾಗ್ ಇದೇ. ಡ್ರೈವ್ ಖರೀದಿಯ ಮಾತು ಅದರ ನಂತರ.

ತಾತ್ಕಾಲಿಕವಾಗಿ ಒಂದು ಡ್ರೈವ್ ನಿಲ್ಲಿಸಿಬಿಟ್ಟರು. ಎರಡರ ಬದಲು ಒಂದೇ ಡ್ರೈವ್‌ಗೆ ಪೂರ್ತಿ 110 ಎಂಬಿ. ಸಮಯ ಅಷ್ಟೇ ಹಿಡಿಯಿತು, ಅಂದರೆ ಎರಡನೇ ಡ್ರೈವ್‌ನಿಂದ ಇಷ್ಟು ದಿನ ಒಂದು ನಿಮಿಷವೂ ಉಳಿದಿರಲಿಲ್ಲ. ಚಿತ್ರಗಳ ಭಾಗ ಬರೆಯುವಾಗ ಟೇಪ್ ನಿಲ್ಲದೆ ಓಡಿತು, ಏಕೆಂದರೆ ಜೆಪಿಇಜಿ ಮತ್ತೆ ಕುಗ್ಗುವುದಿಲ್ಲ. ಟೇಬಲ್ ಡೇಟಾ ಬಂದಾಗ ಮಾತ್ರ ಹಳೆಯ ಚಾಳಿ ಮರುಕಳಿಸಿತು.

ಜಾಲದ ಗಂಟು

ಕಾಗದದ ಮೇಲೆ ಜಾಲ 1 ಗಿಗಾಬಿಟ್‌ನದಲ್ಲ, ನಾಲ್ಕರದು. ಎರಡೂ ಸರ್ವರ್‌ಗಳಲ್ಲಿ ನಾಲ್ಕು ಪೋರ್ಟ್‌ಗಳನ್ನು ಬಾಂಡ್ ಮಾಡಿದ್ದರು, ಅಂದರೆ ಒಂದೇ ಸಂಪರ್ಕದಂತೆ ಕೂಡಿಸಿದ್ದರು. ಆದರೆ ಲಿನಕ್ಸ್ ಬಾಂಡಿಂಗ್‌ನಲ್ಲಿ ಯಾವ ಪ್ಯಾಕೆಟ್ ಯಾವ ತಂತಿಯಲ್ಲಿ ಹೋಗಬೇಕೆಂದು ನಿರ್ಧರಿಸುವ ಪೂರ್ವನಿಯೋಜಿತ ಸೂತ್ರ ಲೇಯರ್-2, ಅಂದರೆ ಎರಡು ಕಡೆಯ ಮ್ಯಾಕ್ ವಿಳಾಸ (ಜಾಲ ಕಾರ್ಡ್‌ನ ಗುರುತು ಸಂಖ್ಯೆ) ನೋಡಿ. ಡೇಟಾಬೇಸ್ ಸರ್ವರ್‌ನಿಂದ ಹೋಗುವುದೆಲ್ಲ ಒಂದೇ ಮೀಡಿಯಾ ಸರ್ವರ್‌ಗೆ. ಎರಡೂ ಮ್ಯಾಕ್ ಬದಲಾಗುವುದಿಲ್ಲ. ಹಾಗಾಗಿ ಎಲ್ಲ ಚಾನೆಲ್‌ಗಳೂ ಒಂದೇ ತಂತಿಯಲ್ಲಿ. ಉಳಿದ ಮೂರರ ದೀಪ ಮಿಣುಕುತ್ತಿದ್ದವೇ ಹೊರತು ಅವುಗಳಲ್ಲಿ ಹರಿದದ್ದು ಏನೂ ಇಲ್ಲ.

ಸೂತ್ರವನ್ನು ಲೇಯರ್-3+4ಕ್ಕೆ ಬದಲಿಸಿದರೆ ಟಿಸಿಪಿ ಪೋರ್ಟ್ ಸಂಖ್ಯೆಯೂ (ಪ್ರತಿ ಸಂಪರ್ಕದ ಸಂಖ್ಯೆ, ತಂತಿ ಚುಚ್ಚುವ ಪೋರ್ಟ್ ಅಲ್ಲ) ಲೆಕ್ಕಕ್ಕೆ ಬರುತ್ತದೆ. ಸ್ವಿಚ್‌ನಲ್ಲೂ ಬದಲಿಸಬೇಕು, ಏಕೆಂದರೆ ಸ್ವಿಚ್‌ನಿಂದ ಮೀಡಿಯಾ ಸರ್ವರ್‌ಗೆ ಯಾವ ತಂತಿ ಎಂಬುದನ್ನು ಸ್ವಿಚ್ ತನ್ನದೇ ಸೂತ್ರದಿಂದ ಆರಿಸುತ್ತದೆ. ಎರಡೂ ಕಡೆ ಬದಲಿಸಿದ ಮೇಲೆ ಒಂದು ವಾರ 15 ಗಂಟೆ, ಮರುವಾರ ಮತ್ತೆ 30! ಪೋರ್ಟ್ ಸಂಖ್ಯೆ ಪ್ರತಿ ಸಲ ಹೊಸದು. ಎರಡು ಚಾನೆಲ್‌ಗಳು ಬೇರೆ ತಂತಿಗಳಿಗೆ ಬಿದ್ದರೆ 220 ಎಂಬಿ, ಒಂದೇ ತಂತಿಗೆ ಬಿದ್ದರೆ 110. ಶನಿವಾರದ ಲಾಟರಿಯ ಮೇಲೆ ಸೋಮವಾರದ ಲಾರಿ ನಿಲ್ಲಿಸಲಾಗದು. ಇಂಥ ಸೂತ್ರದಿಂದ ತಂತಿ ಆರಿಸುವ ಬಾಂಡ್ ಒಂದು ಟಿಸಿಪಿ ಹರಿವನ್ನು ಎರಡು ತಂತಿಗೆ ಹಂಚುವುದಿಲ್ಲ ಎಂಬುದನ್ನು ಗಟ್ಟಿಯಾಗಿ ನೆನಪಿಟ್ಟುಕೊಳ್ಳಬೇಕು.

ಎರಡೂ ಸರ್ವರ್ ಅಕ್ಕಪಕ್ಕದ ರ‍್ಯಾಕ್‌ನಲ್ಲಿದ್ದವು. ಎರಡಕ್ಕೂ 10 ಗಿಗಾಬಿಟ್ ಕಾರ್ಡ್ ಹಾಕಿ, 3 ಮೀಟರ್‌ನ ಡಿಎಸಿ (ನೇರ ಜೋಡಣೆಯ ತಾಮ್ರದ) ಕೇಬಲ್‌ನಿಂದ ನೇರವಾಗಿ ಜೋಡಿಸಿದರು. ನಡುವೆ ಸ್ವಿಚ್ ಇಲ್ಲ, ಆದ್ದರಿಂದ ಎಂಟಿಯು (ಒಂದು ಪ್ಯಾಕೆಟ್‌ನ ಗರಿಷ್ಠ ಗಾತ್ರ) 9000 ಎರಡು ತುದಿಗೆ ಹಾಕಿದರೆ ಸಾಕು. ಸ್ವಿಚ್ ಇದ್ದಿದ್ದರೆ ಅದರಲ್ಲೂ ಹಾಕಬೇಕಿತ್ತು, ಮರೆತರೆ ಸಣ್ಣ ಪಿಂಗ್ ಹೋಗಿ ದೊಡ್ಡ ಡೇಟಾ ಸಿಕ್ಕಿಹಾಕಿಕೊಳ್ಳುತ್ತದೆ. ಡೇಟಾಬೇಸ್ ಸರ್ವರನ್ನೇ ಮೀಡಿಯಾ ಸರ್ವರ್ ಮಾಡಿ ಡ್ರೈವ್‌ಗಳನ್ನು ನೇರ ಫೈಬರ್ ಚಾನೆಲ್‌ನಲ್ಲಿ ಕೊಡುವ ದಾರಿಯೂ ಇತ್ತು. ಅದಕ್ಕೆ ಲೈಸೆನ್ಸ್ ಬೇಕು, ಟೇಪ್ ಡ್ರೈವರ್ ಸಂಬಂಧಿ ರೀಬೂಟ್‌ಗಳನ್ನು ಡೇಟಾಬೇಸ್ ಸರ್ವರ್ ಮೇಲೆ ತಂದುಕೊಳ್ಳಬೇಕು. ಎರಡು ಕಾರ್ಡ್, ಒಂದು ಕೇಬಲ್‌ನಲ್ಲಿ ಮುಗಿಯುವ ಕೆಲಸಕ್ಕೆ ಅದು ಬೇಡವೆಂದರು. ಸರಿಯಾದ ತೀರ್ಮಾನ.

ಹೊಸ ತಂತಿ ಹಾಕಿದ ಮೊದಲ ರಾತ್ರಿಯೂ 110 ಎಂಬಿಯೇ. ಮೀಡಿಯಾ ಸರ್ವರ್‌ನ ಹೆಸರು ಇನ್ನೂ ಹಳೆಯ ಐಪಿಗೆ ತಿರುಗುತ್ತಿತ್ತು, ಹೊಸ ತಂತಿ ಖಾಲಿ ಬಿದ್ದಿತ್ತು. ಹೋಸ್ಟ್ಸ್ ಫೈಲ್‌ನಲ್ಲಿ ಹೊಸ ವಿಳಾಸ ಬರೆದು, ನೆಟ್‌ಬ್ಯಾಕಪ್‌ನ ಬಿಪಿ ಡಾಟ್ ಕಾನ್ಫ್‌ನಲ್ಲಿ ಪ್ರಿಫರ್ಡ್ ನೆಟ್‌ವರ್ಕ್ ಸೂಚಿಸಿದ ಮೇಲೆ ದಾರಿ ಬದಲಾಯಿತು. ಇಂಥ ಬದಲಾವಣೆ ಮಾಡಿದ ರಾತ್ರಿ ಇಂಟರ್‌ಫೇಸ್‌ನ ಬೈಟ್ ಎಣಿಕೆಯನ್ನು ಐದು ನಿಮಿಷಕ್ಕೊಮ್ಮೆ ನೋಡುವುದು ಬ್ಯಾಕಪ್ ಮುಗಿಯುವ ತನಕ ಕಾಯುವುದಕ್ಕಿಂತ ಎಷ್ಟೋ ಮೇಲು.

ಬಫರ್‌ಗಳನ್ನೂ ಆಗಲೇ ಸರಿ ಮಾಡಿದರು. ಮೀಡಿಯಾ ಸರ್ವರ್‌ನಲ್ಲಿ ಸೈಜ್ ಡೇಟಾ ಬಫರ್ಸ್ ಫೈಲ್‌ಗೆ 262144, ನಂಬರ್ ಡೇಟಾ ಬಫರ್ಸ್‌ಗೆ 256. ಒಂದು ಡ್ರೈವ್‌ಗೆ 64 ಎಂಬಿ, ಎರಡಕ್ಕೆ 128 ಎಂಬಿ ಹಂಚಿಕೆ ಮೆಮೊರಿ. ಆರ್‌ಮ್ಯಾನ್ ಚಾನೆಲ್‌ನಲ್ಲಿ ಬ್ಲಾಕ್ ಸೈಜ್ 1048576. ಟೇಪ್ ಬ್ಲಾಕಿನ ಗಾತ್ರ ಹೆಚ್ಚಿಸಿದವರು ಅದೇ ಟೇಪನ್ನು ಇನ್ನೊಂದು ತಾಣದ ಡ್ರೈವ್‌ನಲ್ಲಿ ಓದಿ ನೋಡಲೇಬೇಕು. ಅಲ್ಲಿನ ಎಚ್‌ಬಿಎ (ಫೈಬರ್ ಚಾನೆಲ್ ಕಾರ್ಡ್) ಅಥವಾ ಡ್ರೈವರ್ ಅಷ್ಟು ದೊಡ್ಡ ಬ್ಲಾಕ್ ಒಪ್ಪದಿದ್ದರೆ, ಬರೆದದ್ದೆಲ್ಲ ಮಹಾಪೆಯಲ್ಲಿ ಮಾತ್ರ ಓದಬಹುದಾದ ಟೇಪ್ ಆಗಿಬಿಡುತ್ತದೆ. ಪುಣೆಗೆ ಒಂದು ಟೇಪ್ ಕಳಿಸಿ ಓದಿಸಿದ ನಂತರವೇ ಇದನ್ನು ಕಾಯಂ ಮಾಡಿದರು.

ಜಾಲದ ಗಂಟು ಬಿಚ್ಚಿದ ಮೇಲೆ ಪೂರ್ಣ ಬ್ಯಾಕಪ್ 8 ಗಂಟೆಗೆ ಇಳಿಯಿತು. ಈಗ ಎಳೆಯುತ್ತಿದ್ದದ್ದು ಡಿಸ್ಕ್ ಓದು.

ಡಿಸ್ಕ್ ಓದು

ಒರಾಕಲ್‌ನ ವಿ-ಡಾಲರ್ ಬ್ಯಾಕಪ್ ಸಿಂಕ್ ಐಒ ಎಂಬ ನೋಟದಲ್ಲಿ (ಒಳಗಿನ ಸ್ಥಿತಿ ತೋರಿಸುವ ಪಟ್ಟಿ) ಸಾಲುಗಳು ಕಾಣಿಸುತ್ತಿದ್ದವು, ಅಸಿಂಕ್ ಐಒದಲ್ಲಿ ಇರಲಿಲ್ಲ. ಅಂದರೆ ಒರಾಕಲ್ ಒಂದು ತುಂಡು ಓದಲು ಕೇಳಿ, ಅದು ಬರುವ ತನಕ ಕೈಕಟ್ಟಿ ಕೂತು, ನಂತರ ಮುಂದಿನದನ್ನು ಕೇಳುತ್ತಿತ್ತು. ಫೈಲ್‌ಸಿಸ್ಟಂಐಒ ಆಪ್ಷನ್ಸ್ ಎಂಬ ಪ್ಯಾರಾಮೀಟರ್ ಪೂರ್ವನಿಯೋಜಿತ ಸ್ಥಿತಿಯಲ್ಲೇ ಉಳಿದಿತ್ತು. ಅದನ್ನು ಸೆಟ್‌ಆಲ್ ಮಾಡಿ ಡೇಟಾಬೇಸ್ ಮರುಚಾಲನೆ ಮಾಡಿದರು.

ಅದರ ಬೆಲೆ ಸೋಮವಾರ ಗೊತ್ತಾಯಿತು. ಸೆಟ್‌ಆಲ್ ಎಂದರೆ ಅಸಿಂಕ್ರೊನಸ್ (ಒಂದಕ್ಕಾಗಿ ಕಾಯದೆ ಮುಂದಿನದನ್ನು ಕೇಳುವುದು) ಮಾತ್ರವಲ್ಲ, ಡೈರೆಕ್ಟ್ ಐಒ ಕೂಡ. ಓದಿದ್ದನ್ನು ಮೆಮೊರಿಯಲ್ಲಿ ಇಟ್ಟುಕೊಳ್ಳುವ ಲಿನಕ್ಸ್‌ನ ಪೇಜ್ ಕ್ಯಾಶ್ ಇನ್ನು ನೆರವಿಗಿಲ್ಲ. ಇಷ್ಟು ದಿನ ಆ ಕ್ಯಾಶ್‌ನ ಪುಣ್ಯದಿಂದ ಬೇಗ ಬರುತ್ತಿದ್ದ ದಾಸ್ತಾನು ವಿಚಾರಣೆಗಳು ತೆವಳತೊಡಗಿದವು. ಪೇಜ್ ಕ್ಯಾಶ್ ಹಿಡಿದಿದ್ದ ಮೆಮೊರಿಯನ್ನು ಒರಾಕಲ್‌ನ ಸ್ವಂತ ಮೆಮೊರಿಯಾದ ಎಸ್‌ಜಿಎಗೆ ವರ್ಗಾಯಿಸಿ, ಹ್ಯೂಜ್ ಪೇಜ್ (ದೊಡ್ಡ ಮೆಮೊರಿ ಪುಟ) ಎಣಿಕೆ ಅದಕ್ಕೆ ತಕ್ಕಂತೆ ಏರಿಸಿದ ಮೇಲೆ ಸರಿಹೋಯಿತು. ಎರಡನ್ನೂ ಒಂದೇ ಮರುಚಾಲನೆಯಲ್ಲಿ ಮಾಡಬೇಕಿತ್ತು.

ಮುಂದಿನದು ಮಲ್ಟಿಪ್ಲೆಕ್ಸಿಂಗ್, ಅಂದರೆ ಹಲವು ಫೈಲ್‌ಗಳನ್ನು ಒಟ್ಟಿಗೆ ಓದಿ ಹೆಣೆದು ಬರೆಯುವುದು. ಆರ್‌ಮ್ಯಾನ್ ಒಂದು ಬ್ಯಾಕಪ್ ಸೆಟ್‌ನಲ್ಲಿ 64 ಫೈಲ್ ತನಕ ಸೇರಿಸುತ್ತದೆ, ಏಕಕಾಲಕ್ಕೆ 8 ಫೈಲ್ ತೆರೆದು ಓದುತ್ತದೆ. ಪೂರ್ವನಿಯೋಜಿತ ಅಂಕಿಗಳಿವು. ನಾಲ್ಕು ಅಥವಾ ಅದಕ್ಕಿಂತ ಕಡಿಮೆ ಫೈಲ್ ತೆರೆದರೆ ಚಾನೆಲ್‌ಗೆ 1 ಎಂಬಿಯ 16 ಬಫರ್ ಸಿಗುತ್ತವೆ; ಐದರಿಂದ ಎಂಟಾದರೆ ಬಫರ್ 512 ಕೆಬಿಗೆ ಇಳಿಯುತ್ತದೆ. ಇಲ್ಲಿನ ಸ್ಟೋರೇಜ್ ಸುತ್ತುವ ಡಿಸ್ಕ್‌ಗಳದು, ಪ್ರತಿ ಫೈಲೂ ಎಲ್ಲ ಡಿಸ್ಕ್‌ಗಳ ಮೇಲೆ ಹರಡಿಕೊಂಡಿದೆ. ಎಂಟು ಫೈಲ್ ಒಟ್ಟಿಗೆ ಓದಿದರೆ ಹೆಡ್‌ಗಳ ಓಡಾಟ ಹೆಚ್ಚುವುದೇ ವಿನಾ ಲಾಭವಿಲ್ಲ. ಮ್ಯಾಕ್ಸ್‌ಓಪನ್‌ಫೈಲ್ಸ್ (ಒಟ್ಟಿಗೆ ತೆರೆಯುವ ಫೈಲ್) 1, ಫೈಲ್ಸ್‌ಪರ್‌ಸೆಟ್ (ಒಂದು ಸೆಟ್‌ನ ಫೈಲ್) 4 ಮಾಡಿದರು. ಎರಡನೆಯದರ ಪ್ರಯೋಜನ ರಿಸ್ಟೋರ್‌ನಲ್ಲಿ ಕಾಣುತ್ತದೆ: ಟೇಪಿನ ಮೇಲೆ 64 ಫೈಲ್ ಸೇರಿಕೊಂಡ ಸೆಟ್‌ನಿಂದ ಒಂದು ಫೈಲ್ ಬೇಕಾದರೆ ಉಳಿದವುಗಳ ಡೇಟಾ ಮೇಲೂ ಟೇಪ್ ಹಾಯಬೇಕು. ನೆಟ್‌ಬ್ಯಾಕಪ್ ಕಡೆಯ ಮಲ್ಟಿಪ್ಲೆಕ್ಸಿಂಗ್ ಕೂಡ ಇದೇ ಕಾರಣಕ್ಕೆ 1ರಲ್ಲೇ ಇಟ್ಟರು.

ಇದೆಲ್ಲ ಸೇರಿ ಓದು 420ರಿಂದ 600 ಎಂಬಿಗೆ ಏರಿತು. ಆದರೂ ಬ್ಯಾಕಪ್ ಆರೂವರೆ ಗಂಟೆ ಹಿಡಿಯುತ್ತಿತ್ತು. 7 ಟಿಬಿಯ ಚಿತ್ರಗಳ ಟೇಬಲ್‌ಸ್ಪೇಸ್ ಒಂದೇ ಬಿಗ್‌ಫೈಲ್ (ಒಂದೇ ಭಾರಿ ಫೈಲ್). ಒಂದು ಚಾನೆಲ್ ಅದರಲ್ಲೇ ಮುಳುಗಿದ್ದಾಗ, ಉಳಿದ 5 ಟಿಬಿ ಮುಗಿಸಿದ ಇನ್ನೊಂದು ಚಾನೆಲ್ ಕೊನೆಯ ಸುಮಾರು ಎರಡು ಗಂಟೆ ಸುಮ್ಮನೆ ಕೂತಿರುತ್ತಿತ್ತು. ಸೆಕ್ಷನ್ ಸೈಜ್ 200ಜಿ ಎಂದು ಕೊಟ್ಟಾಗ ಆ ಫೈಲ್ 35 ತುಂಡಾಗಿ ಎರಡೂ ಡ್ರೈವ್‌ಗಳಿಗೆ ಹಂಚಿಹೋಯಿತು. ಐದೂವರೆ ಗಂಟೆ. ಒಂದು ಫೈಲ್‌ಗೆ 256ಕ್ಕಿಂತ ಹೆಚ್ಚು ತುಂಡು ಮಾಡಲಾಗದು, ಚಾನೆಲ್‌ನಲ್ಲಿ ಮ್ಯಾಕ್ಸ್‌ಪೀಸ್‌ಸೈಜ್ (ಒಂದು ಬ್ಯಾಕಪ್ ತುಂಡಿನ ಗಾತ್ರದ ಮಿತಿ) ಇದ್ದರೆ ಇದು ನಡೆಯುವುದೂ ಇಲ್ಲ.

ಆರ್‌ಮ್ಯಾನ್ ಕಂಪ್ರೆಶನ್ ಹಾಕಿ ಎಂಬ ಸಲಹೆ ಈ ನಡುವೆ ಬಂತು, ತಳ್ಳಿಹಾಕಿದರು. ಹೆಚ್ಚುವರಿ ಲೈಸೆನ್ಸ್ ಇಲ್ಲದೆ ಸಿಗುವ ಬೇಸಿಕ್ ಮಟ್ಟ ಸಿಪಿಯು ತಿನ್ನುತ್ತದೆ, ಡ್ರೈವ್ ಪುಕ್ಕಟೆಯಾಗಿ ಮಾಡುವ ಕೆಲಸವನ್ನು ಸರ್ವರ್‌ಗೆ ಹೊರಿಸುತ್ತದೆ. ಟೇಪ್‌ಗಳು ಪುಣೆಗೆ ಹೋಗುವುದರಿಂದ ಗೂಢಲಿಪೀಕರಣ ಬೇಕಿತ್ತು. ಅದನ್ನೂ ಡ್ರೈವ್‌ಗೇ ಬಿಟ್ಟರು. ಎಲ್‌ಟಿಒ-4ರಿಂದಲೇ ಡ್ರೈವ್‌ನೊಳಗೆ 256 ಬಿಟ್ ಎಇಎಸ್ ಇದೆ. ಅದು ಮೊದಲು ಕುಗ್ಗಿಸಿ ಆಮೇಲೆ ಗೂಢಗೊಳಿಸುತ್ತದೆ. ಸರ್ವರ್‌ನಲ್ಲೇ ಗೂಢಗೊಳಿಸಿ ಕಳಿಸಿದರೆ ಡ್ರೈವ್‌ಗೆ ಕುಗ್ಗಿಸಲು ಏನೂ ಉಳಿಯುವುದಿಲ್ಲ. ಕೀಲಿಯ ಪ್ರತಿ ಪುಣೆಯಲ್ಲೂ ಇರಬೇಕು ಎಂಬುದನ್ನು ಬೇರೆ ಹೇಳಬೇಕಿಲ್ಲ.

ಬರೆಯಬೇಕಾಗಿಯೇ ಇಲ್ಲದ 5.5 ಟಿಬಿ

16 ಗಂಟೆಯ ಮಿತಿಗೆ ಐದೂವರೆ ಗಂಟೆ ಸಾಕಿತ್ತು. ಆದರೆ ಚಿತ್ರಗಳ ಟೇಬಲ್‌ಸ್ಪೇಸ್ ನಿಲ್ಲದೆ ಬೆಳೆಯುತ್ತಿದೆ, ಅದರಲ್ಲಿ 5.5 ಟಿಬಿ ಮುಗಿದುಹೋದ ಹಣಕಾಸು ವರ್ಷಗಳದು. ಎಸೆಯುವಂತಿಲ್ಲ: 2013ರ ಕಂಪನಿ ಕಾಯ್ದೆಯ 128ನೇ ಕಲಂ ಪ್ರಕಾರ ಲೆಕ್ಕದ ಪುಸ್ತಕ, ವೋಚರ್‌ಗಳನ್ನು 8 ಹಣಕಾಸು ವರ್ಷ ಉಳಿಸಬೇಕು. ಆದರೆ ಬದಲಾಗದ ಚಲನ್ ಚಿತ್ರವನ್ನು ವಾರವಾರವೂ ಟೇಪಿಗೆ ಬರೆಯುವುದರಲ್ಲಿ ಅರ್ಥವಿಲ್ಲ. ಕಂಪನಿಯ ಬಳಿ ಪಾರ್ಟಿಷನಿಂಗ್ (ಒಂದು ಟೇಬಲನ್ನು ಭಾಗಗಳಾಗಿ ಒಡೆದಿಡುವ ಸೌಲಭ್ಯ) ಲೈಸೆನ್ಸ್ ಇತ್ತು. ವರ್ಷಕ್ಕೊಂದು ಟೇಬಲ್‌ಸ್ಪೇಸ್ ಮಾಡಿ, ಹಳೆಯ ಪಾರ್ಟಿಷನ್‌ಗಳನ್ನು ಅಲ್ಲಿಗೆ ಸರಿಸಿ ರೀಡ್ ಓನ್ಲಿ ಮಾಡುವುದು, ವಾರದ ಬ್ಯಾಕಪ್‌ನಲ್ಲಿ ಸ್ಕಿಪ್ ರೀಡ್‌ಓನ್ಲಿ ಹಾಕುವುದು. ಯೋಜನೆ ಇಷ್ಟೆ. ಅತಿ ಹೆಚ್ಚು ಗೋಳಾಡಿಸಿದ್ದೂ ಇದೇ.

ಮೊದಲ ವರ್ಷ ರೀಡ್ ಓನ್ಲಿ ಆದ ಮರುದಿನ ಹಳೆಯ ಬಿಲ್ ತೆರೆದವರಿಗೆಲ್ಲ ಓಆರ್‌ಎ-00372: ಫೈಲನ್ನು ಈಗ ಬದಲಿಸಲಾಗದು. ಬಿಲ್ ನೋಡುವವರು ಏನನ್ನೂ ಬದಲಿಸುತ್ತಿರಲಿಲ್ಲ, ಆದರೆ ಅಪ್ಲಿಕೇಶನ್ ಪ್ರತಿ ಸಲ ‘ಕೊನೆಯದಾಗಿ ನೋಡಿದ್ದು’ ಎಂಬ ದಿನಾಂಕವನ್ನು ಅದೇ ಸಾಲಿನಲ್ಲಿ ಬರೆಯುತ್ತಿತ್ತು. ಟೇಬಲ್‌ನ ಸಾಲುಗಳನ್ನು ಬರೆಯಲು ತೆರೆದಿರುವ ಟೇಬಲ್‌ಸ್ಪೇಸ್‌ಗೆ ತಂದು, ಲಾಬ್ (ಚಿತ್ರ, ಕಡತ ಇರುವ) ಭಾಗವನ್ನು ಮಾತ್ರ ರೀಡ್ ಓನ್ಲಿ ಟೇಬಲ್‌ಸ್ಪೇಸ್‌ನಲ್ಲಿ ಉಳಿಸಿದರು. ಚಿತ್ರ ಬದಲಾಗುವುದಿಲ್ಲ, ಸಾಲು ಬದಲಾಗಬಹುದು.

ಎರಡನೆಯದು: ಸರಿಸುವ ಕೆಲಸ ರೀಡೂ (ಪ್ರತಿ ಬದಲಾವಣೆಯ ದಾಖಲೆ) ಉತ್ಪಾದಿಸುತ್ತದೆ, ಸರಿಸಿದಷ್ಟೇ ತೂಕದ ಆರ್ಕೈವ್ ಲಾಗ್. ಒಂದೇ ವಾರಾಂತ್ಯದಲ್ಲಿ ಎಲ್ಲ ಸರಿಸಲು ಹೋದರೆ ಆರ್ಕೈವ್ ಡಿಸ್ಕ್ ತುಂಬಿ ಡೇಟಾಬೇಸ್ ನಿಂತುಬಿಡುತ್ತದೆ. ರಾತ್ರಿಗೆ ಒಂದು ತ್ರೈಮಾಸಿಕದ ಪಾರ್ಟಿಷನ್ ಎಂದು ಲೆಕ್ಕ ಹಾಕಿಕೊಂಡರು.

ಮೂರನೆಯದನ್ನು ನಂಬಿಸುವುದೇ ಕಷ್ಟವಾಯಿತು. 5.5 ಟಿಬಿ ಸರಿಸಿ ಸ್ಕಿಪ್ ರೀಡ್‌ಓನ್ಲಿ ಹಾಕಿದರೂ ವಾರದ ಬ್ಯಾಕಪ್ 12 ಟಿಬಿಯಲ್ಲೇ ನಿಂತಿತ್ತು. ಹಳೆಯ ಬಿಗ್‌ಫೈಲ್ ಒಳಗೆ ಬಹುಪಾಲು ಖಾಲಿ. ಆದರೆ ಆರ್‌ಮ್ಯಾನ್ ಎಲ್ಲ ಸಂದರ್ಭದಲ್ಲೂ ಬಿಡುವುದು ಎಂದೂ ಬಳಸದ ಬ್ಲಾಕ್‌ಗಳನ್ನು ಮಾತ್ರ. ಒಮ್ಮೆ ಬಳಸಿ ಈಗ ಖಾಲಿಯಾದ ಬ್ಲಾಕ್‌ಗಳನ್ನು ಬಿಡುವ ಸೌಲಭ್ಯ ಡಿಸ್ಕ್ ಬ್ಯಾಕಪ್‌ಗೆ ಹಾಗೂ ಒರಾಕಲ್‌ನದೇ ಟೇಪ್ ತಂತ್ರಾಂಶಕ್ಕೆ ಮೀಸಲು. ಬೇರೆಯವರ ತಂತ್ರಾಂಶದಿಂದ ಟೇಪಿಗೆ ಬರೆದರೆ ಖಾಲಿ ಬ್ಲಾಕ್ ಕೂಡ ಹೋಗುತ್ತದೆ. ಹಾಲಿ ವರ್ಷದ 1.5 ಟಿಬಿಯನ್ನೂ ಹೊಸ ಟೇಬಲ್‌ಸ್ಪೇಸ್‌ಗೆ ಸರಿಸಿ, ಹಳೆಯದನ್ನು ಡ್ರಾಪ್ ಮಾಡಿದ ವಾರ ಬ್ಯಾಕಪ್ 6.5 ಟಿಬಿ. ಸೆಕೆಂಡಿಗೆ 600 ಎಂಬಿಯಂತೆ 3 ಗಂಟೆ.

ಕೊನೆಯ ಅಪಾಯ ಸದ್ದಿಲ್ಲದ್ದು. ರೀಡ್ ಓನ್ಲಿ ಫೈಲ್‌ಗಳ ಏಕೈಕ ಬ್ಯಾಕಪ್ ಬೇಕಾದದ್ದೆಂದು ಆರ್‌ಮ್ಯಾನ್‌ಗೆ ಗೊತ್ತು, ಅದನ್ನು ಹಳತು ಎಂದು ಗುರುತಿಸುವುದಿಲ್ಲ. ಆದರೆ ನೆಟ್‌ಬ್ಯಾಕಪ್‌ಗೆ ತನ್ನದೇ ರಿಟೆನ್ಶನ್ (ಉಳಿಸುವ ಅವಧಿ) ಇದೆ. ವಾರದ ಪಾಲಿಸಿಯ 5 ವಾರದ ರಿಟೆನ್ಶನ್‌ನಲ್ಲೇ ಅವನ್ನು ಬರೆದಿದ್ದರೆ ಆರನೇ ವಾರ ಆ ಟೇಪ್ ಖಾಲಿ ಎಂದು ಮೇಲೆ ಬೇರೇನೋ ಬರೆಯಲ್ಪಡುತ್ತಿತ್ತು, ಆರ್‌ಮ್ಯಾನ್ ಮಾತ್ರ ಬ್ಯಾಕಪ್ ಇದೆ ಎಂದೇ ತೋರಿಸುತ್ತಿತ್ತು. ರೀಡ್ ಓನ್ಲಿಗೆ ಬೇರೆ ಪಾಲಿಸಿ, ಬೇರೆ ಟೇಪ್ ಗುಂಪು, ಅವಧಿಯಿಲ್ಲದ ರಿಟೆನ್ಶನ್. ಎರಡು ಡ್ರೈವ್‌ಗಳಲ್ಲಿ ಒಟ್ಟಿಗೆ ಎರಡು ಪ್ರತಿ: ಒಂದು ಮಹಾಪೆಯಲ್ಲಿ, ಒಂದು ಪುಣೆಯಲ್ಲಿ. ತಿಂಗಳಿಗೊಮ್ಮೆ ಕ್ರಾಸ್‌ಚೆಕ್ (ದಾಖಲೆಯಲ್ಲಿರುವ ಬ್ಯಾಕಪ್ ನಿಜಕ್ಕೂ ಇದೆಯೇ ಎಂಬ ತಾಳೆ). ಜೊತೆಗೆ ದಿನವೂ ಓಡುವ ಒಂದು ಸ್ಕ್ರಿಪ್ಟ್, ರೀಡ್ ಓನ್ಲಿ ಫೈಲ್‌ನ ಚೆಕ್‌ಪಾಯಿಂಟ್ ಸಂಖ್ಯೆ ಕೊನೆಯ ಬ್ಯಾಕಪ್‌ನಲ್ಲಿರುವುದಕ್ಕೆ ಹೊಂದುತ್ತದೆಯೇ ಎಂದು ನೋಡಲು. ಯಾರಾದರೂ ತಿದ್ದುಪಡಿಗೆಂದು ರೀಡ್ ರೈಟ್ ಮಾಡಿ ಮತ್ತೆ ಮುಚ್ಚಿದ್ದರೆ ಸಂಖ್ಯೆ ಬೇರೆಯಾಗಿರುತ್ತದೆ, ಹೊಸ ಪ್ರತಿ ಬರೆಯಬೇಕಾಗುತ್ತದೆ.

ದಿನದ ಬ್ಯಾಕಪ್

ವಿದ್ಯುನ್ಮಾನ ಲೆಕ್ಕಪುಸ್ತಕಗಳ ಬ್ಯಾಕಪ್ ಭಾರತದೊಳಗಿನ ಸರ್ವರ್‌ನಲ್ಲಿ ದಿನವೂ ಇರಬೇಕೆಂದು 2022ರ ಆಗಸ್ಟ್‌ನಲ್ಲಿ ನಿಯಮ ತಿದ್ದುಪಡಿಯಾಗಿದೆ, ಹಾಗಾಗಿ ವಾರದ ನಡುವಿನದನ್ನು ಕೈಬಿಡುವಂತಿಲ್ಲ. ಇಲ್ಲಿನ ದಿನದ ಇನ್‌ಕ್ರಿಮೆಂಟಲ್ (ಬದಲಾದದ್ದರ ಮಾತ್ರ ಬ್ಯಾಕಪ್) ಬರೆಯುತ್ತಿದ್ದದ್ದು ಸುಮಾರು 180 ಜಿಬಿ, ಹಿಡಿಯುತ್ತಿದ್ದದ್ದು 8 ಗಂಟೆ. ಬದಲಾದ ಬ್ಲಾಕ್ ಯಾವುದೆಂದು ತಿಳಿಯಲು ಆರ್‌ಮ್ಯಾನ್ 12 ಟಿಬಿಯನ್ನೂ ಓದುತ್ತಿತ್ತು. ಟೇಪಿಗೆ ಬೀಳುತ್ತಿದ್ದದ್ದು ಸೆಕೆಂಡಿಗೆ ಬರೀ 6 ಎಂಬಿ. ವಾರಾಂತ್ಯಕ್ಕಿಂತ ಹೆಚ್ಚು ಹೆಡ್ ಸವೆದದ್ದು ವಾರದ ದಿನಗಳಲ್ಲೇ.

ಬದಲಾದ ಬ್ಲಾಕ್‌ಗಳನ್ನು ಆಗಾಗಲೇ ಗುರುತಿಟ್ಟುಕೊಳ್ಳುವ ಬ್ಲಾಕ್ ಚೇಂಜ್ ಟ್ರ್ಯಾಕಿಂಗ್ ಶುರುಮಾಡಿದರು. ಅದರ ಫೈಲ್ ಡೇಟಾಬೇಸ್‌ನ ಸುಮಾರು 30,000ದಲ್ಲಿ ಒಂದು ಭಾಗ. ಇಲ್ಲಿ 400 ಎಂಬಿ. ಶುರುಮಾಡಿದ ಮೇಲೆ ಒಂದು ಲೆವೆಲ್ 0 (ಎಲ್ಲ ಬ್ಲಾಕ್‌ಗಳ ಬ್ಯಾಕಪ್) ಆಗುವ ತನಕ ಫಲ ಕಾಣದು. ಅದು ಎಂಟು ಬಿಟ್‌ಮ್ಯಾಪ್‌ಗಳನ್ನು (ಬ್ಯಾಕಪ್‌ಗೊಂದರಂತೆ ಬದಲಾವಣೆಗಳ ನಕ್ಷೆ) ಮಾತ್ರ ಇಟ್ಟುಕೊಳ್ಳುತ್ತದೆ. ವಾರಕ್ಕೊಂದು ಲೆವೆಲ್ 0, ನಡುವೆ ಆರು ಲೆವೆಲ್ 1 (ಇನ್‌ಕ್ರಿಮೆಂಟಲ್) ಎಂದರೆ ಮಿತಿಯೊಳಗೇ. ದಿನಕ್ಕೆ ಎರಡು ಸಲ ಇನ್‌ಕ್ರಿಮೆಂಟಲ್ ತೆಗೆಯುವವರು ಈ ಎಂಟನ್ನು ಎಣಿಸಿಕೊಳ್ಳಬೇಕು. ದಿನದ ಬ್ಯಾಕಪ್ ಮತ್ತು ಆರ್ಕೈವ್ ಲಾಗ್ ಈಗ ಮೊದಲು 4 ಟಿಬಿಯ ಡಿಸ್ಕ್‌ಗೆ ಹೋಗುತ್ತವೆ, ಬೆಳಿಗ್ಗೆ 5ಕ್ಕೆ ಬ್ಯಾಕಪ್ ಬ್ಯಾಕಪ್‌ಸೆಟ್ ಆಜ್ಞೆಯಿಂದ ಒಂದೇ ಓಟದಲ್ಲಿ ಒಂದು ಡ್ರೈವ್‌ಗೆ. ಹತ್ತು ಜಿಬಿ ಲಾಗ್‌ಗಾಗಿ ನಾಲ್ಕು ಗಂಟೆಗೊಮ್ಮೆ ಟೇಪ್ ಏರಿಸಿ ಇಳಿಸುವುದೂ ತಪ್ಪಿತು.

ಪುಣೆಯಲ್ಲಿ ರಿಸ್ಟೋರ್

ವೇಗವಾಗಿ ಬರೆದದ್ದು ವೇಗವಾಗಿ ಹಿಂದೆ ಬರಬೇಕೆಂದಿಲ್ಲ. ಪುಣೆಯ ಸ್ಟೋರೇಜ್ ಬರೆಯುವ ವೇಗ 350 ಎಂಬಿ. 12 ಟಿಬಿ ಇಳಿಸಲು ಒಂಬತ್ತೂವರೆ ಗಂಟೆ. ಕಂಪನಿ ತನ್ನ ಗ್ರಾಹಕರಿಗೆ ಒಪ್ಪಿಕೊಂಡಿದ್ದು 8. ಇಲ್ಲಿ ರೀಡ್ ಓನ್ಲಿ ವಿಂಗಡಣೆ ಇನ್ನೊಂದು ರೀತಿ ನೆರವಾಯಿತು. ರಿಸ್ಟೋರ್ ಡೇಟಾಬೇಸ್ ಜೊತೆ ಸ್ಕಿಪ್ ಟೇಬಲ್‌ಸ್ಪೇಸ್ ಕೊಟ್ಟು ಹಳೆಯ ವರ್ಷಗಳನ್ನು ಬಿಟ್ಟು 6.5 ಟಿಬಿ ಮಾತ್ರ ತಂದರು, 5 ಗಂಟೆ 10 ನಿಮಿಷ. ಇನ್‌ಕ್ರಿಮೆಂಟಲ್ ಮತ್ತು ಲಾಗ್ ಹಚ್ಚಿ, ಬಿಟ್ಟ ಫೈಲ್‌ಗಳನ್ನು ಆಫ್‌ಲೈನ್ ಮಾಡಿ ಡೇಟಾಬೇಸ್ ತೆರೆದಾಗ 8 ಗಂಟೆಗೆ ಇನ್ನೂ ಸಮಯವಿತ್ತು. ಬಿಲ್ಲಿಂಗ್, ರವಾನೆ ನಡೆಯತೊಡಗಿದ ಮೇಲೆ ಹಳೆಯ ಚಲನ್‌ಗಳು ಹಿಂದಿನಿಂದ ಒಂದೊಂದು ವರ್ಷವಾಗಿ ಬಂದವು.

ಈ ಪರೀಕ್ಷೆ ಜುಲೈಯಲ್ಲಿ ನಡೆದದ್ದು ಒಳ್ಳೆಯದೇ ಆಯಿತು. ಎಲ್‌ಟಿಒ ಟೇಪನ್ನು ದೀರ್ಘಕಾಲ ಇಡಲು 16ರಿಂದ 25 ಡಿಗ್ರಿ, 20ರಿಂದ 50 ಶೇಕಡಾ ತೇವಾಂಶ ಬೇಕು. ಮಳೆಗಾಲದಲ್ಲಿ ಘಾಟ್ ಹತ್ತಿ ಬಂದ ವ್ಯಾನ್‌ನಿಂದ ಇಳಿಸಿದ ಕಾರ್ಟ್ರಿಜ್ ಮೇಲೆ ತೇವ ಕೂತಿರಬಹುದಾದ್ದರಿಂದ ಡ್ರೈವ್ ಇರುವ ಕೋಣೆಯಲ್ಲಿ 24 ಗಂಟೆ ಹೊಂದಿಸಿಕೊಳ್ಳಬೇಕು. ಆ 24 ಗಂಟೆ 8 ಗಂಟೆಯ ಭರವಸೆಯೊಳಗೆ ಹಿಡಿಸುವುದಿಲ್ಲ. ಹಾಗಾಗಿ ಪುಣೆಯ ಪ್ರತಿಗಳನ್ನು ಊರ ಹೊರಗಿನ ಬಾಡಿಗೆ ವಾಲ್ಟ್‌ನಿಂದ ತೆಗೆದು, ಎರಡನೇ ತಾಣದ ಕಟ್ಟಡದೊಳಗೇ, ಡ್ರೈವ್‌ಗಳಿರುವ ಹವಾನಿಯಂತ್ರಣದಲ್ಲೇ ಇಡತೊಡಗಿದರು.

ಉಳಿದಿರುವುದು ಮುಂದಿನ ಖರೀದಿ. ಎಲ್‌ಟಿಒ-9 ಡ್ರೈವ್ ಹಿಂದಿನ ಒಂದೇ ಪೀಳಿಗೆ ಓದುತ್ತದೆ, ಎಲ್‌ಟಿಒ-8 ಮಾತ್ರ. ಎಲ್‌ಟಿಒ-10 ಹಳೆಯ ಯಾವುದನ್ನೂ ಓದುವುದಿಲ್ಲ. 8 ವರ್ಷ ಇಡಬೇಕಾದ ಚಲನ್‌ಗಳು ಎಲ್‌ಟಿಒ-7ರಲ್ಲಿವೆ. ಹಾಗಾಗಿ ಈಗಿನ ಡ್ರೈವ್ ಹಳತಾದಾಗ ಎಲ್‌ಟಿಒ-8, ಅದರ ಮೂಲಕ ರೀಡ್ ಓನ್ಲಿ ಟೇಪ್‌ಗಳ ನಕಲು, ಆಮೇಲಷ್ಟೇ ಮುಂದಿನದು. ಪೂರ್ಣ ಎತ್ತರದ ಎಲ್‌ಟಿಒ-8 ಡ್ರೈವ್ 360 ಎಂಬಿ ಕೇಳುತ್ತದೆ, ಎರಡಕ್ಕೆ 720. ಮಹಾಪೆಯ ಡಿಸ್ಕ್‌ಗಳು ಸದ್ಯ ಕೊಡುವುದು 600. ಡ್ರೈವ್‌ನ ಕೊಟೇಶನ್ ಜೊತೆಗೆ ಸ್ಟೋರೇಜ್‌ನ ಕೊಟೇಶನ್ ಕೂಡ ತರಿಸಲು ಡಿಬಿಎ ಬರೆದಿಟ್ಟಿದ್ದಾರೆ.